ಅಪಲೇಚಿಯನ್ ಕಾಲುದಾರಿ: ನಡೆದವರು ಉಳಿಸಿಕೊಂಡ ದಾರಿಯ ಚರಿತ್ರೆ

ಉತ್ತರ ಅಮೆರಿಕದ ಭೂಗೋಳ ಪಾಠ ಬಂದಾಗ ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ಮುಖ್ಯವಾಗಿ ಎರಡು ಪರ್ವತಗಳ ಹೆಸರನ್ನು. ಪಶ್ಚಿಮದಲ್ಲಿ ರಾಕಿ, ಪೂರ್ವದಲ್ಲಿ ಅಪಲೇಚಿಯನ್. ನಕ್ಷೆಯಲ್ಲಿ ಕಂದು ಬಣ್ಣ ತುಂಬಿ ಹೆಸರು ಬರೆದರೆ ಅಂಕ ಸಿಗುತ್ತದೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಆ ಪೂರ್ವದ ಕಂದು ಗೆರೆಯ ನೆತ್ತಿಯ ಮೇಲೆ ಒಂದು ಕಾಲುದಾರಿ ಇದೆ. ದಕ್ಷಿಣದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು ಉತ್ತರದ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯಗಳನ್ನು ದಾಟುವ ಈ ದಾರಿಯ ಉದ್ದ ಸುಮಾರು 2,190 ಮೈಲಿ, ಅಂದರೆ 3,500 ಕಿ.ಮೀ.ಗಳಿಗೂ ಹೆಚ್ಚು. ಕಾಸರಗೋಡಿನಿಂದ ದೆಹಲಿಗೆ ರೈಲಿನಲ್ಲಿ ಹೋಗುವ ದೂರವೂ ಅಷ್ಟಿಲ್ಲ! ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ಬೆನ್ನ ಮೇಲೆ ಚೀಲ ಹೊತ್ತು ನಡೆದೇ ಹೋಗಬೇಕು.

ಇದು ಹಳೆಯ ಕಾಲದ ವ್ಯಾಪಾರದ ದಾರಿಯಲ್ಲ, ಯಾತ್ರೆಯ ದಾರಿಯೂ ಅಲ್ಲ. ನೂರು ವರ್ಷಗಳ ಹಿಂದೆ ಒಬ್ಬ ಅರಣ್ಯ ತಜ್ಞನ ತಲೆಯಲ್ಲಿ ಹುಟ್ಟಿ, ಸಾವಿರಾರು ಜನರ ಕೈಯಿಂದ ನೆಲಕ್ಕಿಳಿದ ದಾರಿ. ಹುಟ್ಟಿದ ಮೇಲೆ ಒಮ್ಮೆ ಬಹುಪಾಲು ಅಳಿದೇ ಹೋಗಿತ್ತು. ಮತ್ತೆ ಹೇಗೆ ಉಳಿಯಿತು ಎಂಬುದು ಗಡಿಯಾಚೆ ಕೂತು ಕನ್ನಡ ಶಾಲೆ ನಡೆಸುವ ನಮ್ಮಂಥವರು ತಿಳಿದುಕೊಳ್ಳಬೇಕಾದ ಕಥೆ ಎಂದು ನಮಗೆ ಅನಿಸಿದೆ. ಅದಕ್ಕೇ ಈ ಬರಹ.

ಕನಸು ಮತ್ತು ಕೊಡಲಿ

ಬೆಂಟನ್ ಮಕೈ ಎಂಬವರು ಅರಣ್ಯ ಇಲಾಖೆಯಲ್ಲಿ ದುಡಿದವರು. 1921ರ ಏಪ್ರಿಲಿನಲ್ಲಿ ಅವರು ಪತ್ನಿಯನ್ನು ಕಳೆದುಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಪತ್ರಿಕೆಯಲ್ಲಿ ಅವರ ಒಂದು ಲೇಖನ ಬಂತು. ಪೂರ್ವದ ಕೈಗಾರಿಕಾ ನಗರಗಳಲ್ಲಿ ಬೇಯುತ್ತಿರುವ ಜನರಿಗೆ ಉಸಿರಾಡಲು ಒಂದು ಜಾಗ ಬೇಕು, ಬೆಟ್ಟದ ನೆತ್ತಿಯುದ್ದಕ್ಕೂ ಒಂದು ಕಾಲುದಾರಿ ಮಾಡೋಣ, ಅದರ ಬದಿಯಲ್ಲಿ ತಂಗುದಾಣಗಳು, ಸಹಕಾರಿ ಬೇಸಾಯದ ಶಿಬಿರಗಳು ಇರಲಿ ಎಂಬುದು ಅವರ ಸಲಹೆ. ಬೇಸಾಯದ ಶಿಬಿರಗಳು ಕಾಗದದಲ್ಲೇ ಉಳಿದವು. ದಾರಿ ಮಾತ್ರ ಜನರನ್ನು ಹಿಡಿಯಿತು. 1923ರಲ್ಲಿ ನ್ಯೂಯಾರ್ಕ್ ರಾಜ್ಯದ ಬೇರ್ ಮೌಂಟನ್ ಬಳಿ ಮೊದಲ ತುಂಡು ತೆರೆಯಿತು. 1925ರಲ್ಲಿ ದಾರಿಗಾಗಿಯೇ ಒಂದು ಸಂಸ್ಥೆ ಹುಟ್ಟಿತು.

ಕನಸು ಕಂಡವರು ಮಕೈ. ಕೊಡಲಿ ಹಿಡಿದವರು ಮೈರನ್ ಏವರಿ. ಮೇಯ್ನ್ ರಾಜ್ಯದಲ್ಲಿ ಹುಟ್ಟಿದ ಈ ವಕೀಲರು 1931ರಿಂದ 1952ರವರೆಗೆ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಸೈಕಲ್ಲಿನ ಚಕ್ರದಂಥ ಅಳತೆಯ ಗಾಲಿಯೊಂದನ್ನು ತಳ್ಳಿಕೊಂಡು ಬೆಟ್ಟ ಹತ್ತಿ ಇಳಿದು, ಒಂದೊಂದು ಮೈಲಿಯನ್ನೂ ಅಳೆದು ಬರೆದಿಟ್ಟರು. 1936ರ ಹೊತ್ತಿಗೆ ತುಂಡು ತುಂಡಾಗಿ ಇಡೀ ದಾರಿಯನ್ನು ನಡೆದು ಮುಗಿಸಿದ್ದರು. ಊರೂರಲ್ಲಿ ಚಾರಣಿಗರ ಕೂಟಗಳನ್ನು ಕಟ್ಟಿಸಿ, ಇಂಥ ಬೆಟ್ಟದಿಂದ ಇಂಥ ಹೊಳೆಯವರೆಗೆ ನಿಮ್ಮ ಪಾಲು ಎಂದು ಹಂಚಿಕೊಟ್ಟರು. ಪೊದೆ ಕಡಿಯುವುದು, ಬಿದ್ದ ಮರ ಸರಿಸುವುದು, ಗುರುತು ಹಚ್ಚುವುದು ಎಲ್ಲವೂ ಆ ಊರಿನವರದೇ ಕೆಲಸ, ಸಂಬಳವಿಲ್ಲ.

ಮಕೈಗೂ ಏವರಿಗೂ ಕೊನೆಗೆ ಮನಸ್ತಾಪವಾಯಿತು. ವರ್ಜೀನಿಯಾದ ಬೆಟ್ಟದ ನೆತ್ತಿಯಲ್ಲಿ ಸರಕಾರ ಮೋಟಾರು ರಸ್ತೆ ಮಾಡಲು ಹೊರಟಾಗ ಮಕೈ ಬೇಡವೆಂದರು. ದಾರಿಯನ್ನು ಸ್ವಲ್ಪ ಬದಿಗೆ ಸರಿಸಿಯಾದರೂ ಕೆಲಸ ಮುಗಿಸೋಣ ಎಂದರು ಏವರಿ. ಇಬ್ಬರ ನಡುವಿನ ಪತ್ರ ವ್ಯವಹಾರವೇ ನಿಂತಿತು. ಕನಸುಗಾರ ಬೇಕು, ಕೆಲಸಗಾರನೂ ಬೇಕು, ಆದರೆ ಇಬ್ಬರೂ ಒಂದೇ ಕೋಣೆಯಲ್ಲಿ ಹೆಚ್ಚು ಕಾಲ ಕೂರುವುದು ಕಷ್ಟ! ಶಾಲೆಯ ಕಟ್ಟಡ ಸಮಿತಿಗಳಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1937ರ ಆಗಸ್ಟ್ 14ರಂದು ಮೇಯ್ನ್ ರಾಜ್ಯದ ಕಾಡಿನಲ್ಲಿ ಕೊನೆಯ ತುಂಡು ಕೂಡಿಕೊಂಡಿತು. ದಾರಿ ಪೂರ್ತಿಯಾಯಿತು. ಮರುವರ್ಷವೇ ದೊಡ್ಡ ಚಂಡಮಾರುತ ಬಂದು ಉತ್ತರದ ಕಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಮರಗಳನ್ನು ದಾರಿಗೆ ಅಡ್ಡ ಕೆಡವಿತು. ಆಮೇಲೆ ಎರಡನೇ ಮಹಾಯುದ್ಧ. ಕತ್ತಿ ಕೊಡಲಿ ಹಿಡಿದು ದಾರಿ ಕಾಯುತ್ತಿದ್ದ ಯುವಕರು ಬಂದೂಕು ಹಿಡಿದು ಹೋದರು. ಕಾಡಿಗೆ ಅಷ್ಟು ಸಾಕು. ಕೆಲವೇ ವರ್ಷಗಳಲ್ಲಿ ಪೊದೆ ಬೆಳೆದು ದಾರಿ ಎಷ್ಟೋ ಕಡೆ ಕಾಣದಾಯಿತು.

ಒಬ್ಬ ಸೈನಿಕ, ಒಬ್ಬ ಅಜ್ಜಿ

ಅರ್ಲ್ ಶೇಫರ್ ಪೆನ್ಸಿಲ್ವೇನಿಯಾದವರು. ಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ದುಡಿದು ಬಂದವರು. ಯುದ್ಧ ಮುಗಿದ ಮೇಲೆ ಒಟ್ಟಿಗೆ ಇಡೀ ದಾರಿ ನಡೆಯೋಣ ಎಂದು ಬಾಲ್ಯದ ಗೆಳೆಯನೊಡನೆ ಮಾತಾಗಿತ್ತು. ಆ ಗೆಳೆಯ ಇವೊಜಿಮಾ ದ್ವೀಪದ ಕದನದಲ್ಲಿ ಸತ್ತುಹೋದರು. ಯುದ್ಧವನ್ನು ಮೈಮನಸ್ಸಿನಿಂದ ನಡೆದು ಕಳೆಯಬೇಕು ಎಂದುಕೊಂಡು 1948ರ ಏಪ್ರಿಲ್ 4ರಂದು ಶೇಫರ್ ಒಬ್ಬರೇ ಜಾರ್ಜಿಯಾದಿಂದ ಹೊರಟರು. ಸರಿಯಾದ ಮಾರ್ಗದರ್ಶಿ ಪುಸ್ತಕ ಕೈಯಲ್ಲಿರಲಿಲ್ಲ, ರಸ್ತೆಯ ನಕ್ಷೆಗಳೇ ಗತಿ. ಗುರುತು ಅಳಿದಲ್ಲಿ ಕಾಡಿನಲ್ಲಿ ಹುಡುಕಿದರು, ದಾರಿ ತಪ್ಪಿದರು, ಮತ್ತೆ ಸಿಕ್ಕಿಸಿಕೊಂಡರು. 124 ದಿನಗಳ ಬಳಿಕ, ಆಗಸ್ಟ್ 5ರಂದು ಕಟಾಡಿನ್ ನೆತ್ತಿಯಲ್ಲಿದ್ದರು. ದಿನಕ್ಕೆ ಸರಾಸರಿ 26 ಕಿ.ಮೀ.! ಒಂದೇ ಪಯಣದಲ್ಲಿ ಇಡೀ ದಾರಿಯನ್ನು ನಡೆದುದಾಗಿ ವರದಿ ಮಾಡಿದ ಮೊದಲಿಗರು ಅವರು. ಸಂಸ್ಥೆಯವರೇ ಮೊದಲು ನಂಬಲಿಲ್ಲ. ದಿನಚರಿ, ಫೋಟೋಗಳನ್ನು ನೋಡಿದ ಮೇಲೆ ಒಪ್ಪಿದರು. ಶೇಫರ್ 1965ರಲ್ಲಿ ಉತ್ತರದಿಂದ ದಕ್ಷಿಣಕ್ಕೆ ನಡೆದರು, 1998ರಲ್ಲಿ 79ರ ವಯಸ್ಸಿನಲ್ಲಿ ಮೂರನೆಯ ಸಲವೂ ನಡೆದು ಮುಗಿಸಿದರು.

ಇನ್ನೊಬ್ಬರು ಎಮ್ಮಾ ಗೇಟ್‌ವುಡ್. ಅಮೆರಿಕದ ಜನ ಪ್ರೀತಿಯಿಂದ ಕರೆಯುವುದು ಗೇಟ್‌ವುಡ್ ಅಜ್ಜಿ ಎಂದೇ. ಒಹಾಯೋ ರಾಜ್ಯದ ರೈತ ಹೆಂಗಸು, 11 ಮಕ್ಕಳ ತಾಯಿ. ಗಂಡನ ಹೊಡೆತ ಬಡಿತಗಳನ್ನು ಹಲವು ವರ್ಷ ತಿಂದು ಕೊನೆಗೆ ವಿಚ್ಛೇದನ ಪಡೆದಿದ್ದರು. 1955ರಲ್ಲಿ, 67ರ ವಯಸ್ಸಿನಲ್ಲಿ, ಸ್ವಲ್ಪ ನಡೆದು ಬರುತ್ತೇನೆಂದು ಮಕ್ಕಳಿಗೆ ಹೇಳಿ ಹೊರಟರು. ಎಲ್ಲಿಗೆ, ಎಷ್ಟು ದೂರ ಎಂದು ಹೇಳಲಿಲ್ಲ! ಕಾಲಿಗೆ ಸಾಧಾರಣ ಕ್ಯಾನ್‌ವಾಸ್ ಶೂ. ಕೈಯಲ್ಲೇ ಹೊಲಿದ ದಪ್ಪ ಬಟ್ಟೆಯ ಒಂದು ಚೀಲ, ಅದನ್ನು ಒಂದೇ ಹೆಗಲಿಗೆ ಹಾಕಿಕೊಂಡದ್ದು. ಒಳಗೆ ಒಂದು ಕಂಬಳಿ, ಮಳೆಗೆ ಹೊದೆಯಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಡೇರೆಯಿಲ್ಲ. ಮೇ 3ರಂದು ಹೊರಟವರು ಸೆಪ್ಟೆಂಬರ್ 25ರಂದು ಕಟಾಡಿನ್ ತುದಿ ಮುಟ್ಟಿದರು. ಹಿಂದಿನ ವರ್ಷ ಇದೇ ಅಜ್ಜಿ ಮೇಯ್ನ್ ಕಡೆಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ಹಿಂತಿರುಗಿದ್ದರು. ಅದನ್ನು ಯಾರಿಗೂ ಹೇಳದೆ ಮತ್ತೆ ಹೊರಟಿದ್ದರು.

ಪತ್ರಿಕೆಯವರು ಬಂದಾಗ ಅಜ್ಜಿ ಹೊಗಳಿಕೆಗೆ ಮರುಳಾಗಲಿಲ್ಲ. ದಾರಿ ಹಾಳಾಗಿದೆ, ಗುರುತುಗಳಿಲ್ಲ, ತಂಗುದಾಣಗಳು ಕುಸಿದಿವೆ ಎಂದು ಕಂಡದ್ದನ್ನು ನೇರವಾಗಿ ಹೇಳಿದರು. ಆ ಮಾತು ಊರೂರಿನ ಕೂಟಗಳಿಗೆ ನಾಟಿತು, ಕತ್ತಿಗಳು ಮತ್ತೆ ಹೊರಬಂದವು. 1968ರ ಅಕ್ಟೋಬರ್ 2ರಂದು ರಾಷ್ಟ್ರೀಯ ಕಾಲುದಾರಿಗಳ ಕಾಯಿದೆ ಬಂದು ಅಪಲೇಚಿಯನ್ ದಾರಿಗೆ ಸರಕಾರದ ರಕ್ಷಣೆ ಸಿಕ್ಕಿತು. ಇಂದಿಗೂ ಸುಮಾರು 30 ಕೂಟಗಳು ದಾರಿಯನ್ನು ಪಾಲು ಹಾಕಿಕೊಂಡು ನೋಡಿಕೊಳ್ಳುತ್ತಿವೆ. ಕಾನೂನು ಬಂದದ್ದು ಜನ ನಡೆದ ಮೇಲೆ ಎಂಬುದನ್ನು ಗಮನಿಸಿ. ಯಾರೂ ನಡೆಯದೆ ಕಾಡು ತುಂಬಿದ ದಾರಿಗೆ ಕಾಯಿದೆ ಮಾಡುವವರು ಯಾರು?

ಒಂದು ದಿನದ ನಡಿಗೆ

ಈ ದಾರಿಯಲ್ಲಿ ಒಂದು ದಿನ ಹೇಗಿರುತ್ತದೆ? ಟೆನೆಸ್ಸೀ ಮತ್ತು ನಾರ್ತ್ ಕ್ಯಾರೊಲೈನಾ ರಾಜ್ಯಗಳ ನಡುವಿನ ಗ್ರೇಟ್ ಸ್ಮೋಕಿ ಬೆಟ್ಟಗಳ ಒಂದು ತುಂಡನ್ನು ತೆಗೆದುಕೊಳ್ಳೋಣ. ಇಲ್ಲಿ ದಾರಿ ಬಹುಪಾಲು ರಾಜ್ಯದ ಗಡಿಗೆರೆಯ ಮೇಲೆಯೇ ಸಾಗುತ್ತದೆ. ಎಡಗಾಲು ಒಂದು ರಾಜ್ಯದಲ್ಲಿ, ಬಲಗಾಲು ಇನ್ನೊಂದರಲ್ಲಿ! ಗಡಿನಾಡಿನ ನಮಗೆ ಇದು ಅಚ್ಚರಿಯಲ್ಲ.

ಎರಡು ಬೆಟ್ಟಗಳ ನಡುವಿನ ತಗ್ಗಿಗೆ ಅಲ್ಲಿ ಗ್ಯಾಪ್ ಎನ್ನುತ್ತಾರೆ. ಡಬಲ್ ಸ್ಪ್ರಿಂಗ್ ಗ್ಯಾಪ್ ಎಂಬಲ್ಲಿ ಗಡಿಯ ಆಚೆಗೊಂದು ಈಚೆಗೊಂದು ಎರಡು ಒರತೆಗಳಿವೆ. ಅಲ್ಲಿನ ತಂಗುದಾಣಕ್ಕೆ ನಮ್ಮ ಬಸ್ಸು ತಂಗುದಾಣದಂತೆ ಮೂರೇ ಗೋಡೆ, ಮೇಲೊಂದು ಮಾಡು. ಬೆಳಿಗ್ಗೆ ಎದ್ದವರು ಮೊದಲು ಮಾಡುವ ಕೆಲಸ ಎತ್ತರದ ತಂತಿಯಿಂದ ಊಟದ ಚೀಲವನ್ನು ಇಳಿಸುವುದು. ರಾತ್ರಿ ಅದನ್ನು ಮೇಲೆ ತೂಗದಿದ್ದರೆ ಕಪ್ಪು ಕರಡಿ ಬಿಡುವುದಿಲ್ಲ. ಒರತೆಯ ನೀರನ್ನು ಸೋಸಿ ಸೀಸೆಗೆ ತುಂಬಬೇಕು. ಗಂಜಿ ಬೇಯಿಸಿಕೊಂಡು ತಿಂದು ಒದ್ದೆ ಕಾಲುಚೀಲವನ್ನೇ ಮತ್ತೆ ಹಾಕಿಕೊಂಡು ಹೊರಡಬೇಕು. ಬೆನ್ನ ಮೇಲೆ ಮನೆ, ಅಡಿಗೆಮನೆ, ಹಾಸಿಗೆ ಎಲ್ಲವೂ ಇರುತ್ತದೆ. ಆದ್ದರಿಂದ ಒಂದೊಂದು ವಸ್ತುವನ್ನೂ ತೂಗಿ ನೋಡಿ, ಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ.

ದಾರಿ ತೋರಿಸುವುದು ಮರದ ಮೇಲಿನ ಬಿಳಿ ಬಣ್ಣದ ಪಟ್ಟಿ. ಎರಡು ಇಂಚು ಅಗಲ, ಆರು ಇಂಚು ಎತ್ತರ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವು ಇದೆ, ಎಚ್ಚರ ಎಂದರ್ಥ. ನೀಲಿ ಪಟ್ಟಿ ಕಂಡರೆ ನೀರಿಗೋ ತಂಗುದಾಣಕ್ಕೋ ಕವಲುದಾರಿ. ಓದು ಬರಹ ಬೇಕಿಲ್ಲದ ಈ ಲಿಪಿ ಜಾರ್ಜಿಯಾದಿಂದ ಮೇಯ್ನ್ ವರೆಗೂ ಒಂದೇ.

ಅಲ್ಲಿಂದ ಸುಮಾರು ಮೂರು ಮೈಲಿ ಏರಿದರೆ ಇಡೀ ಅಪಲೇಚಿಯನ್ ದಾರಿಯಲ್ಲೇ ಅತಿ ಎತ್ತರದ ಜಾಗ ಸಿಗುತ್ತದೆ: 6,643 ಅಡಿ, ಅಂದರೆ 2,025 ಮೀಟರ್. ಹೆಚ್ಚಿನ ದಿನಗಳಲ್ಲಿ ಮಂಜು ಮುಸುಕಿರುತ್ತದೆ. ಫ್ರೇಸರ್ ಫರ್ ಎಂಬ ಮರಗಳು ಅಲ್ಲಿ ಬೂದು ಬಣ್ಣದ ಗಳುಗಳಂತೆ ಸತ್ತು ನಿಂತಿರುವುದು ಕಾಣುತ್ತದೆ. ಯುರೋಪಿನಿಂದ ಬಂದ ಒಂದು ಸಣ್ಣ ಕೀಟ ಅವುಗಳ ರಸ ಹೀರಿ ಕೊಂದಿತು. ಅವುಗಳ ಬುಡದಲ್ಲಿ ಅದೇ ಜಾತಿಯ ಎಳೆಯ ಸಸಿಗಳು ಏಳುತ್ತಿವೆ. ಮುಂದೆ ಸುಮಾರು ಎಂಟು ಮೈಲಿ ಇಳಿದರೆ ನ್ಯೂಫೌಂಡ್ ಗ್ಯಾಪ್. ಅಲ್ಲಿ ರಸ್ತೆ, ಕಾರುಗಳು, ಪ್ರವಾಸಿಗರು. 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಈ ರಾಷ್ಟ್ರೀಯ ಉದ್ಯಾನವನ್ನು ಲೋಕಾರ್ಪಣೆ ಮಾಡಿದ್ದು ಇಲ್ಲೇ. ಇನ್ನೂ ಮೂರು ಮೈಲಿ ಏರಿದರೆ ಐಸ್‌ವಾಟರ್ ಸ್ಪ್ರಿಂಗ್ ತಂಗುದಾಣ. ಒಟ್ಟು 14 ಮೈಲಿಯಷ್ಟು, ಸುಮಾರು 22 ಕಿ.ಮೀ. ಚೀಲ ತಂತಿಗೆ ತೂಗಿ, ಕಾಲಿನ ಬೊಕ್ಕೆಗೆ ಬಟ್ಟೆ ಕಟ್ಟಿ, ಕತ್ತಲಾಗುವ ಮೊದಲೇ ಮಲಗಿದರೆ ದಿನ ಮುಗಿಯಿತು. ಹೀಗೆ ಐದಾರು ತಿಂಗಳು! ಇಡೀ ದಾರಿ ನಡೆಯುತ್ತೇವೆಂದು ಹೊರಟವರಲ್ಲಿ ನಾಲ್ವರಿಗೆ ಒಬ್ಬರಷ್ಟೇ ಮುಟ್ಟುತ್ತಾರೆ.

ಬೆಟ್ಟದ ಹೆಸರು

ಆ ಅತಿ ಎತ್ತರದ ಬೆಟ್ಟದ ಹೆಸರನ್ನು ನಾವು ಇಷ್ಟು ಹೊತ್ತು ಹೇಳಲಿಲ್ಲ. ಕಾರಣವಿದೆ.

ಅಪಲೇಚಿಯನ್ ಎಂಬ ಹೆಸರೇ ಅಪಲಾಚಿ ಎಂಬ ಮೂಲನಿವಾಸಿ ಜನಾಂಗದಿಂದ ಬಂದದ್ದು. ಸ್ಮೋಕಿ ಬೆಟ್ಟಗಳು ಚೆರೊಕೀ ಜನರ ನಾಡು. ಅವರಲ್ಲಿ ಸಿಕ್ವೊಯಾ ಎಂಬವರೊಬ್ಬರಿದ್ದರು. ಇಂಗ್ಲಿಷ್ ಓದಲು ಬಾರದ ಈ ಮನುಷ್ಯ, ಬಿಳಿಯರು ಕಾಗದದಲ್ಲಿ ಮಾತನ್ನು ಹಿಡಿದಿಡುವುದನ್ನು ನೋಡಿ, ತಮ್ಮ ಭಾಷೆಗೂ ಅದು ಸಾಧ್ಯ ಎಂದು ವರ್ಷಗಟ್ಟಲೆ ಕೂತು 1821ರಲ್ಲಿ ಒಂದು ಲಿಪಿಯನ್ನು ಮುಗಿಸಿದರು. ಒಂದು ಉಚ್ಚಾರಕ್ಕೆ ಒಂದು ಅಕ್ಷರದಂತೆ ಇಂದು ಬಳಕೆಯಲ್ಲಿರುವುದು 85 ಅಕ್ಷರಗಳು. ನಮ್ಮ ಕಾಗುಣಿತ ಬಲ್ಲ ಮಕ್ಕಳಿಗೆ ಆ ಬಗೆ ಸುಲಭವಾಗಿ ತಿಳಿದೀತು. 1828ರಲ್ಲಿ ಆ ಲಿಪಿಯಲ್ಲಿ ಪತ್ರಿಕೆಯೂ ಹೊರಟಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಬಂದದ್ದು 1843ರಲ್ಲಿ, ಅಂದರೆ ಅದಕ್ಕಿಂತ 15 ವರ್ಷ ತಡವಾಗಿ.

ಪತ್ರಿಕೆ ಬಂದ ಹತ್ತೇ ವರ್ಷಕ್ಕೆ, 1838ರಲ್ಲಿ, ಸರಕಾರ ಸೈನ್ಯ ಕಳಿಸಿ ಚೆರೊಕೀ ಜನರನ್ನು ಮನೆಗಳಿಂದ ಹೊರಹಾಕಿ ಮಿಸಿಸಿಪ್ಪಿ ನದಿಯಾಚೆಗೆ ಸಾಗಿಸಿತು. ಸುಮಾರು 16,000 ಜನ. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು ಸುಮಾರು 4,000 ಎಂದು ಅಂದಾಜು. ಅದನ್ನು ಕಣ್ಣೀರಿನ ಹಾದಿ ಎಂದು ಕರೆಯುತ್ತಾರೆ. ಅಮೆರಿಕದ ಚರಿತ್ರೆಯಲ್ಲಿ ಅದೂ ಒಂದು ದೂರದ ನಡಿಗೆಯೇ. ಕೆಲವರು ಸ್ಮೋಕಿ ಬೆಟ್ಟದ ಕಾಡುಗಳಲ್ಲಿ ಅಡಗಿ ಉಳಿದರು. ಬೆಟ್ಟದ ತಪ್ಪಲಿನಲ್ಲಿ ಇಂದು ಇರುವ ಪೂರ್ವದ ಚೆರೊಕೀ ಸಮುದಾಯಕ್ಕೆ ಅವರೂ ಪೂರ್ವಜರು. ನೂರು ವರ್ಷದ ಬಳಿಕ ಉದ್ಯಾನಗಳನ್ನು ಮಾಡುವಾಗ ಬಿಳಿಯ ಬಡ ರೈತರ ಕುಟುಂಬಗಳನ್ನೂ ನೂರಾರು ಸಂಖ್ಯೆಯಲ್ಲಿ ಎಬ್ಬಿಸಿದರು. ಇಂದು ನಿರ್ಜನ ಕಾಡು ಎಂದು ನಾವು ಮೆಚ್ಚುವ ಜಾಗದಲ್ಲಿ ಒಂದು ಕಾಲಕ್ಕೆ ಒಲೆಯ ಹೊಗೆ ಏಳುತ್ತಿತ್ತು. ಈ ದಾರಿಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

ಜನ ಹೋದ ಮೇಲೆ ಹೆಸರೂ ಹೋಯಿತು. 1859ರಲ್ಲಿ ಭೂಗೋಳ ತಜ್ಞರೊಬ್ಬರು ಆ ಶಿಖರಕ್ಕೆ ಕ್ಲಿಂಗ್‌ಮನ್ ಎಂಬ ರಾಜಕಾರಣಿಯ ಹೆಸರಿಟ್ಟರು. ಮುಂದೆ ಗುಲಾಮಗಿರಿ ಬೇಕೆಂದವರ ಸೈನ್ಯದಲ್ಲಿ ಜನರಲ್ ಆದ ಮನುಷ್ಯ ಅವರು. ನಕ್ಷೆಗಳಲ್ಲಿ, ಫಲಕಗಳಲ್ಲಿ, ಪಾಠ ಪುಸ್ತಕಗಳಲ್ಲಿ ಅದೇ ಹೆಸರು ನಿಂತಿತು. ಆದರೆ ಚೆರೊಕೀ ಮನೆಗಳಲ್ಲಿ ಹಿರಿಯರ ಬಾಯಲ್ಲಿ ಹಳೆಯ ಹೆಸರು ಹಾಗೆಯೇ ಇತ್ತು: ಕುವೋಹಿ. ಹಿಪ್ಪುನೇರಳೆಯ ಜಾಗ ಎಂದರ್ಥ. ಸಮುದಾಯದವರು ಅರ್ಜಿ ಹಾಕಿದರು, ಸುತ್ತಲಿನ ಊರುಗಳ ಆಡಳಿತಗಳ ಬೆಂಬಲ ಪಡೆದರು. 2024ರ ಸೆಪ್ಟೆಂಬರ್ 18ರಂದು ಅಮೆರಿಕದ ಸ್ಥಳನಾಮ ಮಂಡಳಿ ಒಪ್ಪಿತು. 165 ವರ್ಷಗಳ ಬಳಿಕ ಬೆಟ್ಟ ಮತ್ತೆ ಕುವೋಹಿಯಾಯಿತು.

ಹೆಸರು ಬಂದರೆ ಭಾಷೆ ಉಳಿಯಿತು ಎಂದಲ್ಲ. 2019ರಲ್ಲಿ ಮೂರು ಚೆರೊಕೀ ಆಡಳಿತಗಳು ಸೇರಿ ತಮ್ಮ ಭಾಷೆಗೆ ತುರ್ತುಸ್ಥಿತಿ ಒದಗಿದೆ ಎಂದು ಘೋಷಿಸಿದ್ದವು. ಚೆನ್ನಾಗಿ ಮಾತಾಡಬಲ್ಲವರು ಬಹುಪಾಲು ಮುದುಕರು. ಅದಕ್ಕೇ ಆ ತಪ್ಪಲಿನಲ್ಲಿ ಚೆರೊಕೀ ಮಾಧ್ಯಮದ ಶಾಲೆಯೊಂದನ್ನು ಕಟ್ಟಿದ್ದಾರೆ. ವರ್ಷದಲ್ಲಿ ಮೂರು ಅರ್ಧ ದಿನ ಉದ್ಯಾನದವರು ಕುವೋಹಿಯನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ. ಆ ಹೊತ್ತು ಬೆಟ್ಟ ಸಮುದಾಯದ ಶಾಲೆಯ ಮಕ್ಕಳಿಗೆ. ಹಿರಿಯರು ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದು, ಅದರ ಕಥೆಯನ್ನು ಹೇಳುತ್ತಾರೆ.

ಹೆಸರು ಮರಳಿದ ಒಂಬತ್ತೇ ದಿನಕ್ಕೆ ಹೆಲೀನ್ ಚಂಡಮಾರುತ ಬಂತು. ನಾರ್ತ್ ಕ್ಯಾರೊಲೈನಾ, ಟೆನೆಸ್ಸೀ, ವರ್ಜೀನಿಯಾಗಳಲ್ಲಿ ನೂರಾರು ಮೈಲಿ ದಾರಿ ಮುಚ್ಚಿತು. ನೊಲಿಚಕಿ ನದಿಯ ಸೇತುವೆ ಕೊಚ್ಚಿಹೋದಲ್ಲಿ ಚಾರಣಿಗರನ್ನು 2025ರಲ್ಲಿ ನಮ್ಮ ಕಡವಿನಂತೆ ದೋಣಿಯಲ್ಲಿ ದಾಟಿಸಿದರು. 1938ರ ಕಥೆಯೇ ಮತ್ತೊಮ್ಮೆ. ಆದರೆ ಈ ಸಲ ಗರಗಸ ಹಿಡಿದು ಬರುವವರು ಊರೂರಲ್ಲಿದ್ದರು.

ನಮ್ಮ ಗುಡ್ಡೆ, ನಮ್ಮ ಸಂಕ

ಚೆರೊಕೀ ಜನರ ಕಷ್ಟಕ್ಕೆ ನಮ್ಮ ಕಷ್ಟವನ್ನು ಹೋಲಿಸುವುದು ಸರಿಯಲ್ಲ. 1956ರ ನವೆಂಬರ್ 1ರಂದು ನಮ್ಮನ್ನು ಯಾರೂ ಮನೆಯಿಂದ ಎಬ್ಬಿಸಲಿಲ್ಲ, ಗೆರೆ ಮಾತ್ರ ಸರಿಯಿತು. ಆದರೆ ಹೆಸರಿನ ಮಾತು ಬಂದಾಗ ನಮಗೂ ಕಿವಿ ನಿಮಿರುತ್ತದೆ. ಮಂಜೇಶ್ವರ ಫಲಕದಲ್ಲಿ ಮಂಜೇಶ್ವರಂ ಆಗುವುದನ್ನು ನಾವು ದಿನವೂ ನೋಡುತ್ತೇವೆ. 2021ರಲ್ಲಿ ಕಾಸರಗೋಡಿನ ಊರ ಹೆಸರುಗಳ ಬಗ್ಗೆ ಎರಡೂ ರಾಜ್ಯಗಳಲ್ಲಿ ಚರ್ಚೆಯೇ ನಡೆಯಿತು. ಮನವಿ ಕೊಡುವುದು, ದನಿ ಎತ್ತುವುದು ಬೇಕು. ಕುವೋಹಿಯ ಜನರೂ ಅದನ್ನು ಮಾಡಿದರು. ಆದರೆ ಅರ್ಜಿಯಲ್ಲಿ ಬರೆಯಲು ಅವರಲ್ಲಿ ಒಂದು ಹೆಸರು ಉಳಿದಿತ್ತು. ಫಲಕದಲ್ಲಿ ಇಲ್ಲದ 165 ವರ್ಷ ಅದು ಉಳಿದದ್ದು ಅಜ್ಜಿ ಮೊಮ್ಮಕ್ಕಳ ಮಾತಿನಲ್ಲಿ.

ನಮ್ಮ ಮಕ್ಕಳು ಈಗ ಶಾಲೆಯ ವ್ಯಾನಿನಲ್ಲಿ ಬರುತ್ತಾರೆ. ಅದು ಒಳ್ಳೆಯದೇ, ಮಳೆಗಾಲದಲ್ಲಿ ಹಳ್ಳ ದಾಟುವ ಭಯವಿಲ್ಲ. ಆದರೆ ಗುಡ್ಡೆ ಇಳಿದು, ಗದ್ದೆಯ ಬದುವಿನಲ್ಲಿ ಬಂದು, ಅಡಿಕೆ ಮರದ ಸಂಕ ದಾಟಿ ಶಾಲೆಗೆ ಬರುತ್ತಿದ್ದ ಕಾಲುದಾರಿಗಳಿಗೆ ಹುಲ್ಲು ಬಂದಿದೆ. ಆ ದಾರಿಯ ಬಂಡೆಗೆ, ಕಟ್ಟೆಗೆ, ತಿರುವಿಗೆ, ತೋಡಿಗೆ ಒಂದೊಂದು ಹೆಸರಿತ್ತು. ಅವು ಯಾವ ಸರಕಾರದ ನಕ್ಷೆಯಲ್ಲೂ ಇಲ್ಲ. ಆದ್ದರಿಂದ ಅವನ್ನು ಅಳಿಸಲು ಯಾವ ಸರಕಾರದ ಆದೇಶವೂ ಬೇಕಿಲ್ಲ. ನಾವು ಹೇಳದಿದ್ದರೆ ಸಾಕು.

ಆದ್ದರಿಂದ ಸಹೋದ್ಯೋಗಿ ಮಿತ್ರರಲ್ಲಿ, ಹೆತ್ತವರಲ್ಲಿ ನಮ್ಮದೊಂದು ಕೋರಿಕೆ. ಮಳೆ ನಿಂತ ಮೇಲೆ ಒಂದು ಶನಿವಾರ ಐದು, ಆರು, ಏಳನೇ ತರಗತಿಯ ಮಕ್ಕಳನ್ನು ಹಳೆಯ ಕಾಲುದಾರಿಯಲ್ಲಿ ನಡೆಸಿಕೊಂಡು ಹೋಗೋಣ. ಊರಿನ ಹಿರಿಯರೊಬ್ಬರು ಜೊತೆಗಿರಲಿ. ಎರಡು ಮೈಲಿ ಸಾಕು. ಮಕ್ಕಳ ಕೈಯಲ್ಲಿ ನೋಟ್ ಪುಸ್ತಕ ಇರಲಿ. ಹಿರಿಯರು ಹೇಳಿದ ಹೆಸರುಗಳನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ, ತುಳುವಿನಲ್ಲಿದ್ದರೆ ತುಳು, ಮಲಯಾಳದಲ್ಲಿದ್ದರೆ ಮಲಯಾಳ, ಹವ್ಯಕದಲ್ಲಿದ್ದರೆ ಹವ್ಯಕ, ಮರಾಠಿಯಲ್ಲಿದ್ದರೆ ಮರಾಠಿ. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದು ಒಂದು ನಕ್ಷೆ ಮಾಡಿ ತರಗತಿಯ ಗೋಡೆಗೆ ಹಾಕೋಣ. ಒಬ್ಬ ಹುಡುಗ ಕತ್ತಿ ತಂದು ದಾರಿಗೆ ಬಾಗಿದ ನಾಲ್ಕು ಮುಳ್ಳುಪೊದೆಗಳನ್ನು ಸವರಿದರೆ ಮುಂದಿನ ವರ್ಷದವರಿಗೆ ನಡೆಯಲು ಸುಲಭವಾದೀತು.